ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ: ಅಪ್ಪ-ಅಮ್ಮನಿಗೆ ಯಾವ ದಾರಿ ಹಗುರ?

ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಜಿಲ್ಲೆಗಳಲ್ಲಿ ಮಗನೋ ಮಗಳೋ ಕ್ಯಾಲಿಫೋರ್ನಿಯಾದಲ್ಲಿ ಕೆಲಸದಲ್ಲಿರುವ ಮನೆಗಳು ಈಗ ಬೇಕಾದಷ್ಟಿವೆ. ಬಾಣಂತನಕ್ಕೆ, ಮೊಮ್ಮಗುವನ್ನು ನೋಡಿಕೊಳ್ಳೋದಕ್ಕೆ ಅಂತ ಅಪ್ಪ-ಅಮ್ಮ ಹೊರಡುತ್ತಾರೆ. ಎಷ್ಟೋ ಜನರಿಗೆ ಅದೇ ಮೊದಲ ವಿಮಾನ ಪ್ರಯಾಣ. ಟಿಕೆಟ್ ಹುಡುಕುವವರು ಮಾತ್ರ ಅಲ್ಲಿರುವ ಮಕ್ಕಳು. ಅವರು ಸಾಮಾನ್ಯವಾಗಿ ಎರಡು ಅಂಕಿ ನೋಡುತ್ತಾರೆ: ದುಡ್ಡೆಷ್ಟು, ಒಟ್ಟು ಎಷ್ಟು ಗಂಟೆ. ಮೂರನೇ ಅಂಕಿ ಒಂದಿದೆ. ವಯಸ್ಸಾದವರ ಮಟ್ಟಿಗೆ ಅದೇ ಮುಖ್ಯ ಅಂತ ನನ್ನ ಗಟ್ಟಿ ಅಭಿಪ್ರಾಯ. ಒಂದೇ ಸಲಕ್ಕೆ ಎಷ್ಟು ಹೊತ್ತು ಸೀಟಿನಲ್ಲಿ ಕೂತಿರಬೇಕು?

ಮಂಡಿ ನೋವು, ಸಕ್ಕರೆ ಕಾಯಿಲೆ, ಬಿಪಿ ಇರುವವರಿಗೆ ಒಟ್ಟು 28 ಗಂಟೆಯೋ 30 ಗಂಟೆಯೋ ಅನ್ನೋದು ಅಷ್ಟು ದೊಡ್ಡ ವಿಷಯ ಅಲ್ಲ. ಅದರಲ್ಲಿ 16 ಗಂಟೆ ಒಂದೇ ಜಾಗದಲ್ಲಿ ಕಾಲು ಮಡಚಿ ಕೂರಬೇಕಾ, ಅಥವಾ 10 ಗಂಟೆಗೊಮ್ಮೆ ಎದ್ದು ಓಡಾಡಬಹುದಾ ಅನ್ನೋದು ದೊಡ್ಡ ವಿಷಯ. ಈ ಕಣ್ಣಿನಿಂದ ಒಂದೊಂದೇ ದಾರಿ ನೋಡೋಣ.

ಮೊದಲು ದೂರ

ಕೆಂಪೇಗೌಡ ವಿಮಾನ ನಿಲ್ದಾಣದಿಂದ ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣಕ್ಕೆ ಭೂಮಿಯ ಮೇಲಿನ ಅತಿ ಹತ್ತಿರದ ದಾರಿ ಸುಮಾರು 14,000 ಕಿ.ಮೀ. ಗೋಡೆಗೆ ನೇತುಹಾಕುವ ನಕ್ಷೆಯಲ್ಲಿ ಈ ದಾರಿ ಕಾಣಿಸೋದೇ ಇಲ್ಲ. ನಕ್ಷೆ ನೋಡಿದರೆ ದುಬೈ, ಯೂರೋಪ್, ಅಟ್ಲಾಂಟಿಕ್ ಸಾಗರ ದಾಟಿ ಪಶ್ಚಿಮಕ್ಕೆ ಹೋಗಬೇಕು ಅನ್ನಿಸುತ್ತದೆ. ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ ಒಂದು ದಾರ ತಗೊಂಡು ಎರಡೂ ಊರಿನ ಮೇಲೆ ಬಿಗಿಯಾಗಿ ಹಿಡಿದು ನೋಡಿ. ದಾರ ಉತ್ತರಕ್ಕೆ ಹೋಗಿ, ಉತ್ತರ ಧ್ರುವದ ಹತ್ತಿರ ಹಾದು, ಆ ಕಡೆ ಇಳಿಯುತ್ತದೆ. ಎರಡೂ ಊರುಗಳು ಭೂಮಿಯ ಹೆಚ್ಚುಕಡಿಮೆ ಎದುರು ಬದುರು ಮಗ್ಗುಲಲ್ಲಿವೆ, ಅದಕ್ಕೆ.

ಮಧ್ಯೆ ಒಂದು ಕಡೆ ಇಳಿದು ಹೋದರೆ ದೂರ ಎಷ್ಟಾಗುತ್ತದೆ? ದೆಹಲಿ ಮೇಲೆ ಹೋದರೆ ಸುಮಾರು 14,100 ಕಿ.ಮೀ., ಟೋಕಿಯೋ ಮೇಲೆ ಸುಮಾರು 14,900, ಹಾಂಗ್‌ಕಾಂಗ್ ಮೇಲೆ ಸುಮಾರು 15,100. ದುಬೈ ಮೇಲೆ ಸುಮಾರು 15,700. ಫ್ರಾಂಕ್‌ಫರ್ಟ್ ಅಥವಾ ಲಂಡನ್ ಮೇಲೆ ಹೋದರೆ 16,500 ದಾಟುತ್ತದೆ, ಸಿಂಗಾಪುರದ ಮೇಲೂ ಅಷ್ಟೇ. ಟೋಕಿಯೋ ಅಂದ ತಕ್ಷಣ "ಅಯ್ಯೋ, ಆ ಕಡೆ ಯಾಕೆ ಸುತ್ತಬೇಕು" ಅನ್ನುವವರೇ ಜಾಸ್ತಿ. ಆದರೆ ದುಬೈಗಿಂತ ಅದು ಸುಮಾರು 800 ಕಿ.ಮೀ. ಹತ್ತಿರ!

ದೂರದಿಂದ ಸಮಯ ಲೆಕ್ಕ ಹಾಕೋದು ಸುಲಭ. ದೊಡ್ಡ ವಿಮಾನಗಳು ಗಂಟೆಗೆ ಸುಮಾರು 900 ಕಿ.ಮೀ. ವೇಗದಲ್ಲಿ ಹೋಗುತ್ತವೆ. ಕಿಲೋಮೀಟರನ್ನು 900ರಿಂದ ಭಾಗಿಸಿ, ಹತ್ತಿ ಇಳಿಯೋದಕ್ಕೆ ಅರ್ಧ ಗಂಟೆ ಸೇರಿಸಿ. 14,000 ಕಿ.ಮೀ.ಗೆ 16 ಗಂಟೆ ಬರುತ್ತದೆ. ಇದರ ಮೇಲೆ ಗಾಳಿಯ ಆಟ ಇದೆ. ಬಹಳ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾದ ಗಾಳಿ ಬೀಸುತ್ತಿರುತ್ತದೆ, ಚಳಿಗಾಲದಲ್ಲಿ ಇನ್ನೂ ಜೋರು. ಅದು ಬೆನ್ನಿಗಿದ್ದರೆ ಬೇಗ ತಲುಪುತ್ತೀರಿ, ಎದುರಿಗಿದ್ದರೆ ತಡ. ಸಿಂಗಾಪುರದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸುಮಾರು 15 ಗಂಟೆ ಚಿಲ್ಲರೆ ಸಾಕು, ಅದೇ ದಾರಿಯಲ್ಲಿ ವಾಪಸ್ ಬರೋದಕ್ಕೆ 17 ಗಂಟೆಯ ಹತ್ತಿರ ಬೇಕು. ಹಾಗಾಗಿ ಹೋಗುವ ಟಿಕೆಟ್ ನೋಡಿ ಬರುವುದನ್ನೂ ಅಷ್ಟೇ ಅಂದುಕೊಳ್ಳಬೇಡಿ.

ಎಲ್ಲೂ ಇಳಿಯದೆ ಹೋಗೋದು

ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ನಾನ್‌ಸ್ಟಾಪ್ ವಿಮಾನವನ್ನು ಏರ್ ಇಂಡಿಯಾ 2021ರ ಜನವರಿಯಲ್ಲಿ ಶುರು ಮಾಡಿತು. ಅಲ್ಲಿಂದ ಬಂದ ಮೊದಲ ವಿಮಾನವನ್ನು ಕ್ಯಾಪ್ಟನ್ ಝೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವದ ಮೇಲೆ ಹಾರಿಸಿಕೊಂಡು ಬಂದು ಜನವರಿ 11ರಂದು ದೇವನಹಳ್ಳಿಯಲ್ಲಿ ಇಳಿಸಿದರು. ನಮ್ಮ ಮಗ್ಗುಲಿನ ನೆಲಕ್ಕೆ ಅಷ್ಟು ದೂರದಿಂದ ಒಂದೇ ಉಸಿರಿಗೆ ವಿಮಾನ ಬಂದಿದ್ದು ನನಗೆ ಈಗಲೂ ಹೆಮ್ಮೆಯ ವಿಷಯ.

ಇಷ್ಟು ಉದ್ದದ ದಾರಿಗಳನ್ನು ಕಂಪನಿಗಳು ಕಡಿಮೆ ಮಾಡುತ್ತವೆ, ನಿಲ್ಲಿಸುತ್ತವೆ, ಮತ್ತೆ ಶುರು ಮಾಡುತ್ತವೆ. ಇಂಧನದ ಖರ್ಚು, ವಿಮಾನಗಳ ಕೊರತೆ, ದೇಶ ದೇಶಗಳ ಜಗಳ ಎಲ್ಲ ಅದರ ಮೇಲೆ ಬೀಳುತ್ತದೆ. 2022ರಿಂದ ಯೂರೋಪ್ ಮತ್ತು ಅಮೆರಿಕದ ಕಂಪನಿಗಳಿಗೆ ರಷ್ಯಾದ ವಾಯುಪ್ರದೇಶ ಮುಚ್ಚಿದೆ. 2025ರ ಏಪ್ರಿಲ್ 24ರಂದು ಪಾಕಿಸ್ತಾನ ಭಾರತದ ವಿಮಾನಗಳಿಗೆ ತನ್ನ ವಾಯುಪ್ರದೇಶ ಮುಚ್ಚಿದ ಮೇಲೆ ದೆಹಲಿಯಿಂದ ಅಮೆರಿಕಕ್ಕೆ ಹೋಗುವ ಕೆಲವು ವಿಮಾನಗಳು ಇಂಧನ ತುಂಬಿಸಿಕೊಳ್ಳೋದಕ್ಕೆ ವಿಯೆನ್ನಾದಲ್ಲಿ ಇಳಿಯಬೇಕಾಯಿತು. ಆದ್ದರಿಂದ ಮೊದಲ ಕೆಲಸ: ನಿಮ್ಮ ತಾರೀಖಿಗೆ ನಾನ್‌ಸ್ಟಾಪ್ ಇದೆಯಾ ನೋಡಿ. ವಿಮಾನದ ನಂಬರ್ ಒಂದೇ ಇದ್ದರೂ ಮಧ್ಯೆ ನಿಲ್ಲುವ ವಿಮಾನ ಇರುತ್ತದೆ. ಟಿಕೆಟ್‌ನಲ್ಲಿ ನಿಲುಗಡೆ ಸೊನ್ನೆ ಅಂತ ಇದ್ದರೆ ಮಾತ್ರ ಅದು ನಾನ್‌ಸ್ಟಾಪ್.

ಇದ್ದರೆ ಯಾರಿಗೆ ಒಳ್ಳೆಯದು? ಆರೋಗ್ಯ ಚೆನ್ನಾಗಿದ್ದು, ಇಂಗ್ಲಿಷ್ ಹಿಂದಿ ಬಾರದೆ, ಒಬ್ಬರೇ ಹೋಗುವವರಿಗೆ. ಇಲ್ಲಿ ಹತ್ತಿದರೆ ಅಲ್ಲೇ ಇಳಿಯೋದು. ದಾರಿ ತಪ್ಪುವ ಮಾತೇ ಇಲ್ಲ, ಲಗೇಜ್ ಬೇರೆ ಊರಿಗೆ ಹೋಗುವ ಭಯ ಕಡಿಮೆ. ಮಗು ಎತ್ತಿಕೊಂಡು ಹೋಗುವ ತಾಯಂದಿರಿಗೂ ನಾನು ಇದನ್ನೇ ಹೇಳುತ್ತೇನೆ. ಮಂಡಿ, ಸೊಂಟದ ತೊಂದರೆ ಇದ್ದವರು ಮಾತ್ರ ಎರಡು ಸಲ ಯೋಚಿಸಬೇಕು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಸಮಸ್ಯೆ ಹಿಂದೆ ಬಂದಿದ್ದವರು ಡಾಕ್ಟರನ್ನು ಕೇಳದೆ ಟಿಕೆಟ್ ಮಾಡಿಸಲೇಬೇಡಿ.

ದುಬೈ, ದೋಹಾ ಕಡೆಯಿಂದ

ನಮ್ಮ ಕಡೆ ಜಾಸ್ತಿ ಜನ ಹೋಗೋದು ಈ ದಾರಿಯಲ್ಲಿ. ವಿಮಾನಗಳು ಜಾಸ್ತಿ, ತಾರೀಖು ಬದಲಾಯಿಸಿದರೂ ಸೀಟು ಸಿಗುತ್ತದೆ, ಎಷ್ಟೋ ಸಲ ದರವೂ ಕಡಿಮೆ. ದುಬೈನಲ್ಲಿ ಭಾರತದವರು ಎಲ್ಲ ಕಡೆ ಇದ್ದಾರೆ, ಕೇಳಿದರೆ ದಾರಿ ತೋರಿಸುತ್ತಾರೆ. ಊಟದ ಚಿಂತೆಯೂ ಇಲ್ಲ.

ಗಂಟೆಗಳನ್ನು ಬಿಡಿಸಿ ನೋಡಿ. ಬೆಂಗಳೂರಿನಿಂದ ದುಬೈ 2,700 ಕಿ.ಮೀ., ಸುಮಾರು 4 ಗಂಟೆ. ದುಬೈನಿಂದ ಸ್ಯಾನ್ ಫ್ರಾನ್ಸಿಸ್ಕೋ 13,000 ಕಿ.ಮೀ., ಹತ್ತಿರ ಹತ್ತಿರ 16 ಗಂಟೆ. ಅಂದರೆ ನಾನ್‌ಸ್ಟಾಪ್‌ನಲ್ಲಿ ಕೂರುವಷ್ಟೇ ಹೊತ್ತು ಇಲ್ಲೂ ಕೂರಬೇಕು! ಅದರ ಮುಂಚೆ 4 ಗಂಟೆ ಪ್ರಯಾಣ, ಮೂರೋ ನಾಲ್ಕೋ ಗಂಟೆ ಕಾಯೋದು ಬೇರೆ. "ಮಧ್ಯೆ ಇಳಿದರೆ ಅಮ್ಮನಿಗೆ ಆರಾಮ" ಅಂತ ಮಕ್ಕಳು ಈ ಟಿಕೆಟ್ ಮಾಡಿಸುತ್ತಾರೆ. ಪಾಪ, ಅಮ್ಮನಿಗೆ ಆರಾಮ ಸಿಗೋದು ಇನ್ನೂ ದಣಿವೇ ಆಗಿಲ್ಲದಾಗ. ದಣಿವು ಶುರುವಾದ ಮೇಲೆ ನಡುವೆ ಎಲ್ಲೂ ಇಳಿಯೋ ಹಾಗಿಲ್ಲ. ಸಿಂಗಾಪುರದ ಮೇಲೆ ಹೋಗೋದೂ ಇದೇ ಲೆಕ್ಕ: ನಾಲ್ಕೂವರೆ ಗಂಟೆ, ಆಮೇಲೆ 15 ಗಂಟೆಗಿಂತ ಮೇಲೆ.

ದರ ತುಂಬಾ ಕಡಿಮೆ ಇದ್ದರೆ, ಹೋಗುವವರು ಗಟ್ಟಿ ಇದ್ದರೆ, ಧಾರಾಳವಾಗಿ ಹೋಗಲಿ. ಕೊಲ್ಲಿ ದೇಶಗಳ ಸುತ್ತ ಗಲಾಟೆ ಇರುವ ಸಮಯದಲ್ಲಿ ಮಾತ್ರ ಸುದ್ದಿ ನೋಡಿಕೊಳ್ಳಿ. 2025ರ ಜೂನ್ 23ರಂದು ಕತಾರ್ ಇದ್ದಕ್ಕಿದ್ದಂತೆ ವಾಯುಪ್ರದೇಶ ಮುಚ್ಚಿದಾಗ ಎಷ್ಟೋ ವಿಮಾನಗಳು ಬೇರೆ ಊರುಗಳಿಗೆ ತಿರುಗಬೇಕಾಯಿತು.

ಯೂರೋಪಿನ ದಾರಿ

ಫ್ರಾಂಕ್‌ಫರ್ಟ್, ಲಂಡನ್, ಪ್ಯಾರಿಸ್, ಆಂಸ್ಟರ್‌ಡ್ಯಾಂ ನಾಲ್ಕಕ್ಕೂ ಬೆಂಗಳೂರಿನಿಂದ ಎಲ್ಲೂ ನಿಲ್ಲದ ವಿಮಾನಗಳಿವೆ. ದೂರದ ಲೆಕ್ಕದಲ್ಲಿ ಇದು ದೊಡ್ಡ ಸುತ್ತು. ಕೂರುವ ಲೆಕ್ಕದಲ್ಲಿ ಚೆನ್ನಾಗಿದೆ. ಫ್ರಾಂಕ್‌ಫರ್ಟಿಗೆ 7,400 ಕಿ.ಮೀ., ಸುಮಾರು 10 ಗಂಟೆ. ಅಲ್ಲಿಂದ ಮುಂದೆ 9,150 ಕಿ.ಮೀ., ಹನ್ನೊಂದು ಹನ್ನೊಂದೂವರೆ ಗಂಟೆ. ಪ್ರಯಾಣ ಹೆಚ್ಚುಕಡಿಮೆ ಸಮ ಪಾಲಾಗುತ್ತದೆ. ಮೊದಲ ವಿಮಾನ ಬಹಳ ಸಲ ರಾತ್ರಿಯದ್ದು. ಒಂದು ನಿದ್ದೆ ಮುಗಿಸಿ ಇಳಿದು, ಮುಖ ತೊಳೆದು, ಮಾತ್ರೆ ತಗೊಂಡು, ಮೂರು ಗಂಟೆ ಓಡಾಡಿ ಮತ್ತೆ ಹತ್ತಬಹುದು. ಎರಡನೇ ವಿಮಾನ ಗ್ರೀನ್‌ಲ್ಯಾಂಡ್, ಕೆನಡಾ ಮೇಲೆ ಹೋಗುತ್ತದೆ. ಹಗಲಿನದ್ದಾದರೆ ಕಿಟಕಿ ಪಕ್ಕದ ಸೀಟು ಕೇಳಿ. ಹಿಮದ ಬೆಟ್ಟಗಳು ಗಂಟೆಗಟ್ಟಲೆ ಕಾಣುತ್ತವೆ.

ತೊಂದರೆ ಎರಡು. ಈ ನಿಲ್ದಾಣಗಳು ಬಹಳ ದೊಡ್ಡವು. ಒಂದು ಗೇಟಿನಿಂದ ಇನ್ನೊಂದಕ್ಕೆ ರೈಲಿನಲ್ಲೋ ಬಸ್ಸಿನಲ್ಲೋ ಹೋಗಬೇಕಾಗುತ್ತದೆ, ಮತ್ತೊಂದು ಸಲ ತಪಾಸಣೆ ಇರುತ್ತದೆ. ಎರಡನೆಯದು ಟ್ರಾನ್ಸಿಟ್ ವೀಸಾ, ಅಂದರೆ ಮಧ್ಯದ ದೇಶದಲ್ಲಿ ವಿಮಾನ ಬದಲಿಸೋದಕ್ಕೆ ಬೇಕಾಗುವ ವೀಸಾ. ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಪಾಸ್‌ಪೋರ್ಟಿನಲ್ಲಿದ್ದರೆ ಸಾಮಾನ್ಯವಾಗಿ ಬೇರೆ ಟ್ರಾನ್ಸಿಟ್ ವೀಸಾ ಕೇಳೋದಿಲ್ಲ. ಅಲ್ಲಿರುವಾಗಲೇ ಆ ವೀಸಾದ ಅವಧಿ ಮುಗಿಯುವ ಹಾಗಿದ್ದರೆ ವಾಪಸ್ ಬರುವಾಗ ಸಮಸ್ಯೆ ಆಗಬಹುದು. ನಿಯಮಗಳು ಆಗಾಗ ಬದಲಾಗುತ್ತವೆ. ಆದ್ದರಿಂದ ಟಿಕೆಟ್‌ಗೆ ದುಡ್ಡು ಕಟ್ಟುವ ದಿನವೇ ವಿಮಾನ ಕಂಪನಿಯಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ.

ಪೂರ್ವದ ದಾರಿ

ಇದು ನನಗೆ ತುಂಬಾ ಇಷ್ಟವಾದದ್ದು. ಬೆಂಗಳೂರಿನಿಂದ ಟೋಕಿಯೋದ ನರಿತಾಗೆ ಜಪಾನ್ ಏರ್‌ಲೈನ್ಸ್ ವಿಮಾನ ಇದೆ. 6,700 ಕಿ.ಮೀ., ಸುಮಾರು 8 ಗಂಟೆ. ನರಿತಾದಿಂದ ಸ್ಯಾನ್ ಫ್ರಾನ್ಸಿಸ್ಕೋ 8,200 ಕಿ.ಮೀ., ಗಾಳಿ ಬೆನ್ನಿಗಿರುವುದರಿಂದ ಒಂಬತ್ತು ಒಂಬತ್ತೂವರೆ ಗಂಟೆ. ಹೋಗುವಾಗ ಒಂದು ಸಲಕ್ಕೆ 10 ಗಂಟೆಗಿಂತ ಜಾಸ್ತಿ ಕೂರುವ ಹಾಗೇ ಇಲ್ಲ. ನಾನು ಇಲ್ಲಿ ಹೇಳಿರುವ ಯಾವ ದಾರಿಯಲ್ಲೂ ಇಷ್ಟು ಹಗುರವಾದ ಹಂಚಿಕೆ ಇಲ್ಲ. ಬರುವಾಗ ಗಾಳಿ ಎದುರು, ಆಗಲೂ 11 ಗಂಟೆಯ ಆಸುಪಾಸು.

ಕೊರತೆ ಅಂದರೆ ವಿಮಾನಗಳು ಕಡಿಮೆ. ಒಂದು ತಪ್ಪಿದರೆ ಮುಂದಿನದಕ್ಕೆ ಕಾಯಬೇಕು. ದರ ಕೆಲವು ತಿಂಗಳು ಜಾಸ್ತಿ ಇರುತ್ತದೆ. ಸಸ್ಯಾಹಾರಿಗಳು ಭಾರತದ ಸಸ್ಯಾಹಾರಿ ಊಟ ಬೇಕು ಅಂತ ಮುಂಚೆಯೇ ಬರೆಸಲೇಬೇಕು. ನಿಲ್ದಾಣದ ಅಂಗಡಿಗಳಲ್ಲಿ ನಮ್ಮವರಿಗೆ ಒಗ್ಗುವ ಊಟ ಹುಡುಕೋದು ಕಷ್ಟ. ಚಪಾತಿ, ಚಟ್ನಿಪುಡಿ, ಕೋಡುಬಳೆ ಕೈಚೀಲದಲ್ಲಿರಲಿ. ನರಿತಾ ಬಿಡುವ ಮುಂಚೆ ತಿಂದು ಮುಗಿಸಿ.

ಹಾಂಗ್‌ಕಾಂಗ್ ಇದಕ್ಕೂ ದುಬೈಗೂ ನಡುವಿನದ್ದು. ಆರು ಗಂಟೆ, ಆಮೇಲೆ ಹನ್ನೆರಡೂವರೆ ಹದಿಮೂರು ಗಂಟೆ. ಟೋಕಿಯೋ ಸಿಗದಿದ್ದರೆ ನೋಡಬಹುದು.

ದೆಹಲಿ

ಕಿಲೋಮೀಟರ್ ಲೆಕ್ಕದಲ್ಲಿ ಸುತ್ತೇ ಇಲ್ಲ ಅನ್ನಬಹುದು, ಆದರೂ ಮೊದಲ ಸಲ ಹೋಗುವ ಹಿರಿಯರಿಗೆ ನಾನು ಹೇಳೋದಿಲ್ಲ. ಎರಡನೇ ವಿಮಾನ ಮತ್ತೆ 16 ಗಂಟೆಯದ್ದೇ. ಡಿಸೆಂಬರ್, ಜನವರಿಯಲ್ಲಿ ದೆಹಲಿಯ ಮಂಜು ಎಲ್ಲ ಸಮಯವನ್ನೂ ಏರುಪೇರು ಮಾಡುತ್ತದೆ. ಬರುವಾಗ ಸಾಮಾನ್ಯವಾಗಿ ಅಲ್ಲೇ ಇಮಿಗ್ರೇಷನ್ ಮುಗಿಸಿ, ಲಗೇಜ್ ಎತ್ತಿಕೊಂಡು, ಮತ್ತೆ ಬೆಂಗಳೂರಿಗೆ ಹಾಕಬೇಕು. ಕನ್ನಡ, ತೆಲುಗು ಮಾತ್ರ ಬರುವ ಕೋಲಾರದ ಅಜ್ಜಿಗೆ ದುಬೈಗಿಂತ ದೆಹಲಿಯೇ ಕಷ್ಟ.

ಮಗ ನ್ಯೂಯಾರ್ಕ್ ಕಡೆ ಇದ್ದರೆ?

ಲೆಕ್ಕ ಪೂರ್ತಿ ತಿರುಗುತ್ತದೆ. ಬೆಂಗಳೂರಿನಿಂದ ನ್ಯೂಯಾರ್ಕ್ ಸುಮಾರು 13,300 ಕಿ.ಮೀ. ಲಂಡನ್ ಮೇಲೆ 13,600, ದುಬೈ ಮೇಲೆ 13,700. ಎರಡೂ ದಾರಿಯಲ್ಲೇ ಸಿಗುತ್ತವೆ, ಟೋಕಿಯೋ ಮಾತೇ ಬೇಡ. ಲಂಡನ್ನಿನಿಂದ ಮುಂದಿನ ಹಾರಾಟ ಬರೀ ಎಂಟು ಗಂಟೆ. ಅಬುಧಾಬಿಯಲ್ಲಿ ಇನ್ನೊಂದು ಅನುಕೂಲ ಇದೆ. ಅಮೆರಿಕದ ಇಮಿಗ್ರೇಷನ್, ಕಸ್ಟಮ್ಸ್ ತಪಾಸಣೆ 2014ರಿಂದ ಅಲ್ಲೇ ಆಗುತ್ತದೆ. ಅಮೆರಿಕದಲ್ಲಿ ಇಳಿದ ಮೇಲೆ ದಣಿದ ಕಾಲಿನಲ್ಲಿ ಆ ಉದ್ದನೆಯ ಸಾಲಿನಲ್ಲಿ ನಿಲ್ಲೋದು ತಪ್ಪುತ್ತದೆ.

ಮನೆ ಬಾಗಿಲಿನಿಂದ ಎಣಿಸಿ

ಚಿಕ್ಕಬಳ್ಳಾಪುರದವರ ಅದೃಷ್ಟ ದೊಡ್ಡದು. ಹೆದ್ದಾರಿ ಹಿಡಿದರೆ 30 ಕಿ.ಮೀ. ಒಳಗೇ ನಿಲ್ದಾಣ. ಶನಿವಾರ, ಭಾನುವಾರ ನಂದಿ ಬೆಟ್ಟದ ವಾಹನಗಳು ಸೇರಿಕೊಳ್ಳುತ್ತವೆ, ಅರ್ಧ ಗಂಟೆ ಮುಂಚೆ ಹೊರಟರೆ ಆಯಿತು. ತುಮಕೂರಿನವರು ಬೆಂಗಳೂರಿನ ಒಳಗೆ ನುಗ್ಗಬೇಡಿ. ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಬನ್ನಿ. ಕೋಲಾರದಿಂದ ವೇಮಗಲ್, ಎಚ್ ಕ್ರಾಸ್, ವಿಜಯಪುರ ಮೇಲೆ ದೇವನಹಳ್ಳಿಗೆ ಬರಬಹುದು, ಇಲ್ಲವೇ ಹೊಸಕೋಟೆಯಿಂದ ತಿರುಗಬಹುದು. ರಾತ್ರಿಯಾದರೆ ಹೊಸಕೋಟೆ ದಾರಿಯೇ ವಾಸಿ.

ಅಂತರರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಟರ್ಮಿನಲ್ 2ರಿಂದ ಹೊರಡುತ್ತವೆ. ಡ್ರೈವರ್‌ಗೆ ಇದನ್ನು ಸ್ಪಷ್ಟವಾಗಿ ಹೇಳಿ. ಮೂರು ಗಂಟೆ ಮುಂಚೆ ಅಲ್ಲಿರಬೇಕು.

ಈಗ ಎಲ್ಲ ಕೂಡಿಸಿ. ಚಿಕ್ಕಬಳ್ಳಾಪುರದ ಮನೆಯಿಂದ ಅಲ್ಲಿನ ಮಗಳ ಮನೆಗೆ ನಾನ್‌ಸ್ಟಾಪ್‌ನಲ್ಲಿ ಸುಮಾರು 23 ಗಂಟೆ. ಮಧ್ಯೆ ಮೂರು ಗಂಟೆ ಕಾಯುವ ಹಾಗಿದ್ದರೆ ಟೋಕಿಯೋ ಮೇಲೆ 27, ಹಾಂಗ್‌ಕಾಂಗ್ ಮೇಲೆ 28ರಿಂದ 29, ದುಬೈ ಮೇಲೆ 29ರಿಂದ 30, ಫ್ರಾಂಕ್‌ಫರ್ಟ್ ಮೇಲೆ 30ರಿಂದ 31. ತುಮಕೂರು, ಕೋಲಾರದವರು ಇದಕ್ಕೆ ಇನ್ನೊಂದು ಗಂಟೆ ಸೇರಿಸಿಕೊಳ್ಳಿ. ದುಬೈಗೂ ಫ್ರಾಂಕ್‌ಫರ್ಟಿಗೂ ವ್ಯತ್ಯಾಸ ಒಂದೇ ಗಂಟೆ. ಆ ಒಂದು ಗಂಟೆ ಕೊಟ್ಟರೆ 16 ಗಂಟೆ ಕೂರುವ ಕಡೆ ಹನ್ನೊಂದೂವರೆಗೆ ಇಳಿಯುತ್ತದೆ. ನನ್ನ ಅಪ್ಪ-ಅಮ್ಮನಿಗಾದರೆ ನಾನು ಟೋಕಿಯೋ ಮೊದಲು ನೋಡುತ್ತೇನೆ, ಆಮೇಲೆ ಯೂರೋಪ್. ಅಮ್ಮ ಒಬ್ಬರೇ ಹೋಗುವುದಾದರೆ ಮೊದಲು ನಾನ್‌ಸ್ಟಾಪ್.

ಟಿಕೆಟ್ ಮಾಡಿಸುವಾಗ

ಎರಡೂ ವಿಮಾನ ಒಂದೇ ಟಿಕೆಟ್‌ನಲ್ಲಿರಬೇಕು. ಬೇರೆ ಬೇರೆ ತಗೊಂಡರೆ ನಾಲ್ಕು ಕಾಸು ಉಳಿಯುತ್ತದೆ ನಿಜ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಆಗ ಯಾರೂ ಜವಾಬ್ದಾರರಲ್ಲ. ಒಂದೇ ಟಿಕೆಟ್ ಆಗಿದ್ದರೆ ಮುಂದಿನ ವಿಮಾನಕ್ಕೆ ಕಳಿಸೋದು ಕಂಪನಿಯ ಕೆಲಸ. ನಡುವಿನ ಸಮಯ ಎರಡೂವರೆಯಿಂದ ನಾಲ್ಕು ಗಂಟೆ ಇರಲಿ. ಒಂದೂವರೆ ಗಂಟೆಯ ಟಿಕೆಟ್ ತೋರಿಸಿದರೆ ಬೇಡ ಅನ್ನಿ, ವಯಸ್ಸಾದವರು ಓಡೋದಕ್ಕೆ ಆಗಲ್ಲ.

ವೀಲ್‌ಚೇರ್ ಕೇಳೋದಕ್ಕೆ ಸಂಕೋಚ ಬೇಡ. ನಡೆಯಲು ಕಷ್ಟ ಇರುವವರು ಟಿಕೆಟ್ ಮಾಡಿಸುವಾಗಲೇ ಬರೆಸಿ. ಗೇಟಿನಿಂದ ಗೇಟಿಗೆ ಅವರೇ ಕರೆದುಕೊಂಡು ಹೋಗುತ್ತಾರೆ. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಮತ್ತು ಮಾತ್ರೆಗಳನ್ನು ಡಾಕ್ಟರ್ ಚೀಟಿ ಸಮೇತ ಕೈಚೀಲದಲ್ಲೇ ಇಟ್ಟುಕೊಳ್ಳಿ. ಯಾವ ದೇಶದ ಗಡಿಯಾರದ ಪ್ರಕಾರ ತಗೋಬೇಕು ಅಂತ ಮುಂಚೆಯೇ ಡಾಕ್ಟರನ್ನು ಕೇಳಿ, ಹಾಳೆಯಲ್ಲಿ ಕನ್ನಡದಲ್ಲಿ ಬರೆಸಿಕೊಳ್ಳಿ. ಗಂಟೆಗೊಂದು ಸಲ ಎದ್ದು ನಡೆಯಬೇಕು, ಅದಕ್ಕೆ ನಡುದಾರಿ ಪಕ್ಕದ ಸೀಟು ಒಳ್ಳೆಯದು.

ಶ್ರೀನಿವಾಸಪುರದ ಮಾವಿನ ಹಣ್ಣು, ಚಿಕ್ಕಬಳ್ಳಾಪುರದ ದ್ರಾಕ್ಷಿ ಎಷ್ಟು ಆಸೆ ಇದ್ದರೂ ತಗೊಂಡು ಹೋಗಬೇಡಿ. ತಾಜಾ ಹಣ್ಣು ತರಕಾರಿ, ಬಿತ್ತನೆ ಬೀಜ ಅಮೆರಿಕದ ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದರೆ ದಂಡ ಬೀಳುತ್ತದೆ. ತಿಂಡಿ ಏನೇ ಇದ್ದರೂ ಇದೆ ಅಂತ ಹೇಳಿಬಿಡಿ.

ತಾರೀಖಿನ ಗೊಂದಲ

ಸ್ಯಾನ್ ಫ್ರಾನ್ಸಿಸ್ಕೋದ ಗಡಿಯಾರ ನಮಗಿಂತ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಹಿಂದೆ. ಅಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಮತ್ತು ನವೆಂಬರ್‌ನ ಮೊದಲ ಭಾನುವಾರ ಗಡಿಯಾರ ಬದಲಾಗುತ್ತದೆ. ಜನವರಿಯಲ್ಲಿ ಶನಿವಾರ ಮಧ್ಯಾಹ್ನ 2ಕ್ಕೆ ಇಲ್ಲಿಂದ ಹೊರಟು ಹದಿನಾರೂವರೆ ಗಂಟೆ ಹಾರಿದರೆ ಅಲ್ಲಿ ಅದೇ ಶನಿವಾರ ಸಂಜೆ 5. ಬರುವಾಗ ಇದು ಉಲ್ಟಾ. ಶನಿವಾರ ರಾತ್ರಿ 8ಕ್ಕೆ ಅಲ್ಲಿಂದ ಹೊರಟು 17 ಗಂಟೆ ಹಾರಿದರೆ ಇಲ್ಲಿ ಸೋಮವಾರ ಬೆಳಗಿನ ಜಾವ ಎರಡೂವರೆ. ಭಾನುವಾರ ಅನ್ನೋದು ಆಕಾಶದಲ್ಲೇ ಕಳೆದುಹೋಗುತ್ತದೆ. ಹಾಗಾಗಿ ಕರೆದುಕೊಂಡು ಬರುವ ಕಾರಿಗೆ ಟಿಕೆಟ್‌ನಲ್ಲಿರುವ ಇಳಿಯುವ ತಾರೀಖನ್ನೇ ಹೇಳಿ, ಹೊರಡುವ ದಿನದಿಂದ ಲೆಕ್ಕ ಹಾಕಬೇಡಿ. ಆ ಹೊತ್ತಿಗೆ ಇಳಿದವರು ಚಿಕ್ಕಬಳ್ಳಾಪುರದವರಾದರೆ ಸೀದಾ ಮನೆಗೆ ಹೋಗಬಹುದು. ತುಮಕೂರು, ಕೋಲಾರದವರು ಡ್ರೈವರ್ ನಿದ್ದೆ ಮಾಡಿದ್ದಾರಾ ಅಂತ ಮೊದಲು ಕೇಳಿ. ಇಲ್ಲದಿದ್ದರೆ ಟರ್ಮಿನಲ್‌ನಲ್ಲೇ ಒಂದು ಕಾಫಿ ಕುಡಿದು, ಬೆಳಕು ಹರಿದ ಮೇಲೆ ಹೊರಡಿ.